ಉಣ್ಣೆ ಕೊಟ್ಟು ತಂದ ಬೆಕ್ಕಿನ ಮರಿ

ನಾನು ಚಿಕ್ಕವನಿದ್ದಾಗ ಒಂದು ಬೆಕ್ಕಿನ ಮರಿಯನ್ನು ಮನೆಗೆ ತರಲು ಎಷ್ಟು ದಣಿದಿದ್ದೆನೋ, ಆಮೇಲೆ ಮಾಡಿದ ಯಾವ ಕೆಲಸದಲ್ಲೂ ಅಷ್ಟು ದಣಿದಿಲ್ಲ ಮಕ್ಕಳೇ. ಈಗ ನೆನೆಸಿಕೊಂಡರೂ ಮೊಣಕಾಲು ನೋಯುತ್ತದೆ. ವಯಸ್ಸಾಗಿದ್ದಕ್ಕೆ ನೋಯುತ್ತದೆ ಅಂತ ನಿಮ್ಮಪ್ಪ ಹೇಳುತ್ತಾನೆ. ಹೇಳಲಿ ಬಿಡಿ.

ಆಗ ನಾವು ತೊಗರ್ಸಿ ಹತ್ತಿರದ ಹಳ್ಳಿಯಲ್ಲಿದ್ದೆವು. ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಮತ್ತೆ ಲೆಕ್ಕವೇ ಇಲ್ಲದಷ್ಟು ಇಲಿಗಳು. ರಾತ್ರಿ ದೀಪ ಆರಿಸಿದರೆ ಸಾಕು, ಅಟ್ಟದ ಮೇಲೆ ಗುಡುಗುಡು ಓಡಾಟ. ಬಿತ್ತನೆಗೆ ಇಟ್ಟ ಜೋಳದ ಚೀಲಕ್ಕೆ ತೂತು ಹಾಕಿದ್ದವು. ಅಪ್ಪನ ಚರ್ಮದ ಚಪ್ಪಲಿಯ ಹಿಮ್ಮಡಿ ತಿಂದಿದ್ದವು. ಒಂದು ಇಲಿಯಂತೂ ನಿದ್ದೆಯಲ್ಲಿದ್ದ ನನ್ನ ಹೆಬ್ಬೆರಳಿನ ರುಚಿ ನೋಡಿ ಹೋಗಿತ್ತು.

ಆನವಟ್ಟಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಇದ್ದಳು. ಮಂಡಕ್ಕಿ ಹುರಿಯುವ ಮನೆ ಅಂದರೆ ಇಲಿಗಳಿಗೆ ಮದುವೆ ಮನೆ ಇದ್ದಂತೆ. ಆದರೂ ಅವಳ ಭಟ್ಟಿಯಲ್ಲಿ ಒಂದು ಇಲಿಯ ಬಾಲವೂ ಕಾಣುತ್ತಿರಲಿಲ್ಲ. ಅಂಥ ಬೆಕ್ಕು ಅವಳದು. ಆ ಬೆಕ್ಕು ಮರಿ ಹಾಕಿದೆ ಅಂತ ಸಂತೆಗೆ ಹೋಗಿದ್ದ ಅಪ್ಪ ಸುದ್ದಿ ತಂದ. ಆದರೆ ಅಜ್ಜಿ ಬೆಕ್ಕನ್ನು ದುಡ್ಡಿಗೆ ಮಾರುತ್ತಿರಲಿಲ್ಲ, ಪುಕ್ಕಟೆಯೂ ಕೊಡುತ್ತಿರಲಿಲ್ಲ. ಪುಕ್ಕಟೆ ಕೊಟ್ಟರೆ ಅದು ಹೋದ ಮನೆಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಅವಳ ನಂಬಿಕೆ. ಮರಿಗೆ ಬದಲಾಗಿ ಒಂದು ಗಂಟು ಉಣ್ಣೆ ಕೇಳಿದ್ದಳು.

ಆ ಸಲ ಕುರಿಗಳ ಮೈಯಿಂದ ಕತ್ತರಿಸಿದ ಉಣ್ಣೆಯೆಲ್ಲ ಮಾರಿ ಆಗಿತ್ತು. ಮನೆಯಲ್ಲಿ ಉಳಿದಿದ್ದು ಒಂದೇ ಗಂಟು, ನನ್ನ ಮೊದಲನೇ ಕಂಬಳಿಗೆ ಅಂತ ಅವ್ವ ಎತ್ತಿಟ್ಟಿದ್ದ ಕರಿ ಉಣ್ಣೆ. ಮಳೆಗಾಲದಲ್ಲಿ ಕುರಿ ಕಾಯುವ ಹುಡುಗರೆಲ್ಲ ಕಂಬಳಿ ಮಡಿಸಿ ತಲೆ ಮೇಲೆ ಕೊಪ್ಪೆ ಹಾಕಿಕೊಂಡು ದೊಡ್ಡವರ ಹಾಗೆ ನಿಲ್ಲುತ್ತಿದ್ದರು. ನನಗೆ ಮಾತ್ರ ಇರಲಿಲ್ಲ. ಈ ಮಳೆಗಾಲಕ್ಕೆ ಬರಬೇಕಿತ್ತು.

ಅಪ್ಪ ಬೀಡಿ ಆರಿಸಿ ನನ್ನನ್ನು ಕರೆದ. "ನೋಡಪಾ, ಉಣ್ಣಿ ನಿಂದು. ಕಂಬ್ಳಿ ಬೇಕೋ ಬೆಕ್ಕು ಬೇಕೋ ನೀನಾ ಹೇಳು. ಎರಡೂ ಅನ್ಬ್ಯಾಡ."

"ಬೆಕ್ಕು" ಅಂದೆ.

"ಮಳಿ ಹಿಡಿದಾಗ ನನ್ನ ಮುಂದೆ ಬಂದು ಅಳಂಗಿಲ್ಲ."

"ಅಳಂಗಿಲ್ಲ."

ಅವ್ವ ಒಳಗಿನಿಂದಲೇ, "ಸಣ್ಣ ಹುಡುಗ್ರಿಗೆ ಇಂಥಾ ಯಾಪಾರ ಕೇಳ್ತಾರೇನ್ರೀ?" ಅಂದಳು. ಅಪ್ಪ ಆರಿಸಿದ ಬೀಡಿಯನ್ನು ಮತ್ತೆ ಹಚ್ಚಿದ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಅಕ್ಕ ಮತ್ತು ನಾನು ಹೊರಟೆವು. ಬೇಸಿಗೆಯ ಕೊನೆ. ಗೋಣಿಚೀಲದಲ್ಲಿ ಉಣ್ಣೆ ತುರುಕಿ ಅಕ್ಕ ತಲೆ ಮೇಲೆ ಹೊತ್ತಿದ್ದಳು. ಹೋಗುವಾಗ ನಡಿಗೆ, ಬರುವಾಗ ಬಸ್ಸು ಅಂತ ಮಾತಾಗಿತ್ತು. ಬಸ್ ಚಾರ್ಜನ್ನು ಅವ್ವ ಅಕ್ಕನ ಸೆರಗಿನ ತುದಿಗೆ ಗಂಟು ಹಾಕಿ ಕಟ್ಟಿದ್ದಳು. ಬಸ್ಸಿನಲ್ಲಿ ಕೂರುವ ಆಸೆಗೆ ನಾನು ಹೋಗುವ ದಾರಿಯನ್ನೆಲ್ಲ ಓಡಿಯೇ ಮುಗಿಸಿದೆ. "ಕಾಲು ಉಳಿಸ್ಕಾ, ಕಾಲು ಉಳಿಸ್ಕಾ" ಅಂತ ಅಕ್ಕ ಹಿಂದಿನಿಂದ ಕೂಗುತ್ತಲೇ ಇದ್ದಳು.

ಭಟ್ಟಿ ಮನೆಯೊಳಗೆ ಕಾದ ಮರಳಿನ ವಾಸನೆ, ಕಣ್ಣುರಿಯುವ ಹೊಗೆ, ಅಕ್ಕಿ ಚಟಪಟ ಅರಳುವ ಸದ್ದು. ಅಜ್ಜಿ ಉಣ್ಣೆಯನ್ನು ಬೆರಳಲ್ಲಿ ಎಳೆದು ನೋಡಿದಳು, ಮೂಸಿದಳು, ಮುಳ್ಳು ಇದೆಯೇನೋ ಅಂತ ಹಿಚುಕಿದಳು. ಆಮೇಲೆ ಒಲೆಯ ಹಿಂದೆ ಕೈ ಹಾಕಿ ಬೂದಿ ಬಣ್ಣದ ಒಂದು ಮರಿಯನ್ನು ಎತ್ತಿದಳು. ಬೂದಿಯಲ್ಲಿ ಮಲಗಿ ಮಲಗಿ ಆ ಬಣ್ಣವೋ, ಹುಟ್ಟಿದ ಬಣ್ಣವೇ ಅದೋ ಗೊತ್ತಾಗಲಿಲ್ಲ. ನನ್ನ ಅಂಗೈಯಲ್ಲಿ ಇಟ್ಟಳು. ಬಿಸಿ ರೊಟ್ಟಿ ಇಟ್ಟ ಹಾಗಿತ್ತು. ಅದರ ಎದೆ ನನ್ನ ಬೆರಳಿಗೆ ಡವಡವ ಬಡಿಯುತ್ತಿತ್ತು.

ಉಣ್ಣೆ ಖಾಲಿ ಮಾಡಿದ ಅದೇ ಚೀಲಕ್ಕೆ ಮರಿಯನ್ನು ಇಳಿಬಿಟ್ಟು ಅಜ್ಜಿ ಬಾಯಿ ಕಟ್ಟಿದಳು. ಮರಿಗೆ ದಾರಿಯ ದಿಕ್ಕು ತಪ್ಪಲಿ ಅಂತ ಚೀಲವನ್ನು ನಿಧಾನಕ್ಕೆ ಸುತ್ತಿಸಿದಳು. "ಮನಿ ಮುಟ್ಟೋತಂಕ ಬಿಚ್ಚಬ್ಯಾಡ್ರಿ ಮತ್ತೆ. ದಾರಿ ನೋಡ್ತು ಅಂದ್ರೆ ತಿರುಗಿ ನಮ್ಮನಿಗೇ ಬರ್ತತಿ. ಬಂದ್ರೆ ಉಣ್ಣಿ ವಾಪಸ್ ಕೇಳಂಗಿಲ್ಲ."

ಬಸ್ಸು ಬಂತು. ಅಕ್ಕ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಳು. "ಚೀಲದಾಗ ಏನೈತಿ ತಂಗಿ?" ಅಂದ ಕಂಡಕ್ಟರ್. ಅಕ್ಕ ಬಾಯಿ ತೆರೆಯುವ ಮೊದಲು ಚೀಲವೇ ಉತ್ತರ ಕೊಟ್ಟಿತು.

ಬಸ್ಸಿನಲ್ಲಿ ಗದ್ದಲವಾಯಿತು. ಬೆಕ್ಕು ಅಡ್ಡ ಬಂದರೆ ಹೊರಟ ಕೆಲಸ ಕೆಡುತ್ತದೆ ಅಂತ ಆಗ ಎಲ್ಲರೂ ನಂಬುತ್ತಿದ್ದರು. ಇಲ್ಲಿ ಬೆಕ್ಕು ಅಡ್ಡ ಬರುವುದಲ್ಲ, ಟಿಕೆಟ್ ತೆಗೆದುಕೊಂಡು ಒಳಗೇ ಕೂರಲು ಬಂದಿತ್ತು. "ನಾನು ಮಗಳ ಬಾಣಂತನಕ್ಕೆ ಹೊಂಟೀನಿ, ಅದನ್ನ ಹತ್ತಿಸ್ಬ್ಯಾಡ್ರಪ್ಪೋ" ಅಂತ ಒಬ್ಬ ಹೆಂಗಸು ಕೂಗಿದಳು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಮೊನ್ನೆ ಒಂದು ರಸ್ತಿ ದಾಟಿದ್ದಕ್ಕಾ ಎರಡು ಟೈರ್ ಹೋದ್ವು. ಇದು ಒಳಗಾ ಕುಂತ್ರೆ ಎಂಜಿನ್ನಾ ಹೋಗ್ತತಿ" ಅಂದ.

ಅಕ್ಕನಿಗೂ ಸಿಟ್ಟು ಬಂತು. "ಇಷ್ಟು ದೊಡ್ಡ ಬಸ್ಸು ಇಷ್ಟು ಸಣ್ಣ ಮರಿಗೆ ಹೆದರ್ತತೇನ್ರೀ?"

ಎಲ್ಲರೂ ನಕ್ಕರು. ನಗುತ್ತಲೇ ನಮ್ಮನ್ನು ಬಿಟ್ಟು ಹೋದರು. ಕೆಂಪು ಧೂಳು ಕೆಳಗಿಳಿಯುವವರೆಗೂ ನಾವಿಬ್ಬರೂ ಕಣ್ಣು ಮುಚ್ಚಿ ನಿಂತಿದ್ದೆವು.

ಹಾಗೆ ಶುರುವಾಯಿತು ನಡಿಗೆ. ಬೆಳಿಗ್ಗೆ ಓಡಿದ ದಾರಿ ಈಗ ಯಾರೋ ಎಳೆದು ಉದ್ದ ಮಾಡಿದ ಹಾಗೆ ಕಾಣುತ್ತಿತ್ತು. ನೆಲ ಕಾದು ಅಂಗಾಲು ಸುಡುತ್ತಿತ್ತು. ಬರೀ ನಡೆದರೆ ಸಾಕಿತ್ತೇ? ಎದುರಿಗೆ ಯಾರು ಬಂದರೂ ನಾವು ರಸ್ತೆ ಬಿಟ್ಟು ಹೊಲಕ್ಕೆ ಇಳಿಯಬೇಕು, ಅವರು ದಾಟಿದ ಮೇಲೆ ಹತ್ತಬೇಕು. ಮರಿ ಅಷ್ಟು ಜೋರಾಗಿ ಕೂಗುತ್ತಿತ್ತು. ಬೀಗರ ಊಟಕ್ಕೆ ಹೊರಟವರು, ಕೋರ್ಟಿಗೆ ಹೊರಟವರು, ಹೊಸ ನೇಗಿಲು ಹೊತ್ತವರು, ಎಲ್ಲರಿಗೂ ಅವತ್ತೇ ಶುಭಕಾರ್ಯ. ಸೈಕಲ್ಲಿನವನೊಬ್ಬ ದೂರದಲ್ಲೇ ಇಳಿದು, "ಇನ್ನೂ ಆ ಕಡಿ ಸರೀರಿ, ಇನ್ನೂ ಸರೀರಿ" ಅಂತ ನಮ್ಮನ್ನು ಮುಳ್ಳಿನ ಬೇಲಿಗೇ ಒತ್ತಿಸಿದ. ಏರಿ ಇಳಿದು, ಏರಿ ಇಳಿದು, ನನ್ನ ಕಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಅಕ್ಕನ ಸೆರಗು ಹಿಡಿದು ಜೋತುಬಿದ್ದೆ. ಅಕ್ಕ ಬೈಯಲಿಲ್ಲ. ಬೈಯಲು ಅವಳಿಗೂ ಶಕ್ತಿ ಇರಲಿಲ್ಲ.

ಹೀಗೆ ಹೋಗುವಾಗ ಒಂದು ಹೊತ್ತಿನಲ್ಲಿ ದಾರಿ ತುಂಬ ಸಲೀಸಾಗಿದೆ ಅನ್ನಿಸಿತು. ಎದುರಿಗೆ ಬಂದವರು ಸುಮ್ಮನೆ ನಮ್ಮ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಯಾಕೆ ಅಂತ ಆಮೇಲೆ ಹೊಳೆಯಿತು. ಮರಿ ಕೂಗುವುದನ್ನು ನಿಲ್ಲಿಸಿತ್ತು.

"ಅಕ್ಕಾ, ಮರಿ..."

"ಮಲಗೇತಿ" ಅಂದಳು ಅಕ್ಕ. ಆದರೆ ನನ್ನ ಮುಖ ನೋಡದೆ ಅಂದಳು.

ಅಷ್ಟರಲ್ಲಿ ಹಿಂದಿನಿಂದ ಒಂದು ಖಾಲಿ ಎತ್ತಿನ ಗಾಡಿ ಬಂತು. ಗಾಡಿಯವನು ಕೆಂಪು ರುಮಾಲು ಸುತ್ತಿದ್ದ, ನಗುಮುಖದ ಮನುಷ್ಯ. "ಎಲ್ಲಿಗೆ ಹೊಂಟೀರವ್ವಾ, ಹುಡುಗ ಬಾಡಿ ಹೋಗ್ಯಾನಲ್ಲ! ಹತ್ರಿ, ಹತ್ರಿ. ಚೀಲದಾಗ ಉಣ್ಣಿ ಏನು?" ಗೋಣಿಯ ಎಳೆಗಳಲ್ಲಿ ಕರಿ ಉಣ್ಣೆ ಇನ್ನೂ ಸಿಕ್ಕಿಕೊಂಡಿತ್ತು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನನ್ನು ಎತ್ತಿ ಗಾಡಿಯ ಹುಲ್ಲಿನ ಮೇಲೆ ಕೂರಿಸಿ, ತಾನೂ ಹತ್ತಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆ ಹುಲ್ಲಿನ ಮೆತ್ತೆ! ನನ್ನ ಕಾಲುಗಳು ಅಳುವುದನ್ನು ನಿಲ್ಲಿಸಿದವು. ಗಾಡಿಯವನು ಮಾತಾಡುತ್ತಲೇ ಇದ್ದ. ನಮ್ಮೂರಿನ ಆಚೆ ಒಂದು ಆಕಳು ನೋಡಲು ಹೊರಟಿದ್ದನಂತೆ. ಮನೆಯಲ್ಲಿ ಹಾಲು ಕೊಡುವ ಕರಾವು ಇಲ್ಲದೆ ಮೊಮ್ಮಗಳು ಹಾಲಿಗೆ ಅಳುತ್ತಾಳಂತೆ. ಹೊರಡುವಾಗ ತುಂಬಿದ ಕೊಡ ಎದುರಿಗೆ ಬಂತಂತೆ. "ಇವತ್ತು ಎಲ್ಲಾ ಶುಭ ಶಕುನನಾ ಐತಿ ನೋಡವ್ವ" ಅಂದ.

ನಾನು ಚೀಲವನ್ನೇ ನೋಡುತ್ತಿದ್ದೆ. ಕೂಗಿದರೆ ಇಳಿಸುತ್ತಾನೆ. ಇಳಿಸಿದರೆ ನಾನು ಊರು ಮುಟ್ಟುವುದಿಲ್ಲ, ಅಷ್ಟು ಗೊತ್ತಿತ್ತು. ಕೂಗಬೇಡ, ಕೂಗಬೇಡ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಮತ್ತೊಂದು ಗಳಿಗೆಗೆ, ಒಂದು ಸಲ ಕೂಗು, ಒಂದೇ ಸಲ, ಅಂದೆ. ಗಾಡಿ ಕುಲುಕಿತು. ಚೀಲವೂ ಕುಲುಕಿತು, ಒಳಗಿಂದ ಏನೂ ಇಲ್ಲ. ಹಳ್ಳ ದಾಟಿದೆವು. ಏನೂ ಇಲ್ಲ. ದೂರದಲ್ಲಿ ನಮ್ಮೂರಿನ ಆಲದ ಮರ ಇಷ್ಟೇ ಇಷ್ಟು ಕಂಡಿತು. ಅಕ್ಕ ಅಂಗೈಯನ್ನು ಚೀಲಕ್ಕೆ ಒತ್ತಿ ಹಿಡಿದಿದ್ದಳು, ತುಟಿ ಕಚ್ಚಿದ್ದಳು. ಬಿಚ್ಚಿದರೆ ಮರಿ ದಾರಿ ನೋಡುತ್ತದೆ, ಅಜ್ಜಿಯ ಮನೆಗೆ ಓಡುತ್ತದೆ, ಉಣ್ಣೆಯೂ ಇಲ್ಲ ಮರಿಯೂ ಇಲ್ಲ. ಬಿಚ್ಚದಿದ್ದರೆ?

ನನಗೆ ತಡೆಯಲಾಗಲಿಲ್ಲ. ಚೀಲದ ಕಟ್ಟು ಎಳೆದು ಒಳಗೆ ಕೈ ಹಾಕಿದೆ. ಬೆಂಕಿಯಂಥ ಬಿಸಿ, ಒದ್ದೆ ಕೂದಲು, ಅಲುಗಾಡದ ಒಂದು ಮುದ್ದೆ. ಬೆರಳನ್ನು ಅದರ ಬಾಯಿಯ ಹತ್ತಿರ ತಂದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗರಗಸದಂಥ ಒಂದು ಸಣ್ಣ ನಾಲಿಗೆ ಬೆರಳನ್ನು ಮುಟ್ಟಿತು. ಮರಿಯನ್ನು ಹೊರಗೆ ಎತ್ತಿದೆ. ಗಾಳಿ ತಾಗಿದ ಕೂಡಲೇ ಅದು ಬಾಯಿ ತೆರೆದು ಇಡೀ ಸೀಮೆಗೆ ಕೇಳುವ ಹಾಗೆ ಕೂಗಿತು.

ಗಾಡಿ ನಿಂತಿತು.

ಗಾಡಿಯವನು ತಿರುಗಿ ಮರಿಯನ್ನು ನೋಡಿದ, ಎತ್ತುಗಳನ್ನು ನೋಡಿದ, ಆಕಾಶ ನೋಡಿದ. "ಉಣ್ಣಿ ಅಂದ್ಯಲ್ಲವ್ವಾ!"

"ನೀವಾ ಅಂದಿದ್ದು" ಅಂದಳು ಅಕ್ಕ. ಅಂದವಳೇ ಅತ್ತುಬಿಟ್ಟಳು. ದಾರಿಯುದ್ದಕ್ಕೂ ಅಳದವಳು.

ಅವನು ಬೈಯುತ್ತಾನೆ ಅಂತ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವನು ಕೆಳಗಿಳಿದು, ನೊಗಕ್ಕೆ ತೂಗುಹಾಕಿದ್ದ ಸೋರೆಬುರುಡೆ ತೆಗೆದ. ಅದರಲ್ಲಿ ಮಜ್ಜಿಗೆ ಇತ್ತು. ರುಮಾಲಿನ ತುದಿಯನ್ನು ಅದರಲ್ಲಿ ಅದ್ದಿ ಮರಿಯ ಬಾಯಿಗೆ ಇಟ್ಟ. ಮರಿ ಅದನ್ನು ಹಿಡಿದು ಚೀಪಿತು. "ನನ್ನ ಕೆಲ್ಸ ಹೆಂಗೂ ಕೆಟ್ತು. ಇದರ ಗಂಟ್ಲಾದ್ರೂ ಆರದಿರ್ಲಿ" ಅಂದ. ಆಮೇಲೆ ನಮ್ಮನ್ನು ಇಳಿಸಿ ಗಾಡಿಯನ್ನು ಬಂದ ದಾರಿಗೇ ತಿರುಗಿಸಿದ.

"ಹೆಂಗೂ ಕೆಟ್ತಲ್ರೀ, ನಮ್ಮನ್ನ ಊರಿಗೆ ಬಿಟ್ಟಾದ್ರೂ ಹೋಗ್ರಿ" ಅಂತ ಅಕ್ಕ ಕಣ್ಣೊರೆಸಿಕೊಂಡು ಕೇಳಿದಳು.

"ಬೆಕ್ಕಿನ ಮೆರವಣಿಗಿ ಮಾಡ್ಕಂತ ನಾನು ಊರು ಹೊಗಬೇಕಾ? ಬ್ಯಾಡವ್ವ, ನಿಮಗಾ ಇರ್ಲಿ ಆ ಮರ್ಯಾದಿ."

ಅವನ ಖಾಲಿ ಗಾಡಿ ಗಡಗಡ ಅನ್ನುತ್ತ ಹಿಂದಕ್ಕೆ ಹೋಯಿತು. ಆ ಮೊಮ್ಮಗಳಿಗೆ ಅವತ್ತೂ ಹಾಲು ಇಲ್ಲವಲ್ಲ ಅಂತ ನನಗೆ ಆಗ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ.

ಉಳಿದ ದಾರಿ ಹೇಗೆ ನಡೆದೆವೋ ನನಗೆ ಸರಿಯಾಗಿ ನೆನಪಿಲ್ಲ. ಮರಿ ನನ್ನ ಅಂಗಿಯೊಳಗೆ, ಎದೆಗೆ ಉಗುರು ಊರಿಕೊಂಡು ತಲೆ ಹೊರಗೆ ಹಾಕಿ ದಾರಿಯನ್ನೆಲ್ಲ ನೋಡುತ್ತಿತ್ತು. ನೋಡಲಿ ಅಂತ ಬಿಟ್ಟುಬಿಟ್ಟೆವು. ಹೊತ್ತು ಮುಳುಗುವಾಗ ಮನೆ ಸೇರಿದೆವು. ಕುರಿ ದೊಡ್ಡಿಗೆ ಬಂದಿದ್ದವು. ಅಪ್ಪ ಮರಿಯನ್ನು ಒಂದೇ ಕೈಯಲ್ಲಿ ಎತ್ತಿ ದೀಪಕ್ಕೆ ಹಿಡಿದು, "ಇಷ್ಟಾನಾ? ನಮ್ಮನಿ ಇಲಿನಾ ಇದಕ್ಕಿಂತ ದೊಡ್ಡವು ಅದಾವಲ್ಲೋ!" ಅಂದ. ಅವ್ವ ನಮ್ಮ ಕಾಲಿಗೆ ಬಿಸಿನೀರು ಹೊಯ್ಯುತ್ತ ಅಪ್ಪನನ್ನು ಒಂದು ಸಲ ನೋಡಿದಳು. ಅಪ್ಪ ಮರಿಯನ್ನು ಮೆಲ್ಲಗೆ ಕೆಳಗಿಟ್ಟ.

ತಂದ ಮೇಲಾದರೂ ಸುಖವಿತ್ತೇ? ಕುರಿ ನಾಯಿಗಳಿಂದ ಅದನ್ನು ಕಾಯಬೇಕು. ನನ್ನ ಪಾಲಿನ ಹಾಲನ್ನೇ ಅದಕ್ಕೆ ಹಾಕಬೇಕು. ಎಲ್ಲೂ ಹೋಗದಿರಲಿ ಅಂತ ಬಾಗಿಲಲ್ಲಿ ಕೂರಬೇಕು. ಅದು ಹಿತ್ತಲ ಗೋಡೆ ಹತ್ತಿ ಆನವಟ್ಟಿ ದಾರಿ ನೋಡಿದಾಗಲೆಲ್ಲ ನಾನು ಓಡಿಹೋಗಿ ಕೆಳಗಿಳಿಸುತ್ತಿದ್ದೆ. ಇಲಿಗಳು ಮೊದಮೊದಲು ಅದರ ಎದುರಿಗೇ ಓಡಾಡಿದವು. ಮಳೆ ಬಂದಾಗ ನಾನು ಆ ಗೋಣಿಚೀಲವನ್ನೇ ಕೊಪ್ಪೆ ಮಾಡಿ ಹೊದ್ದೆ. ನೀರು ಸೋರಿ ಬೆನ್ನಿಗೆ ಇಳಿಯುತ್ತಿತ್ತು. ಮಾತು ಕೊಟ್ಟಿದ್ದೆನಲ್ಲ, ಅಪ್ಪನ ಮುಂದೆ ಅಳಲಿಲ್ಲ. ಕುರಿಗಳ ಮುಂದೆ ಅತ್ತೆ. ಮರಿ ಮಾತ್ರ ಎಲ್ಲೂ ಹೋಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಅಪ್ಪನ ಚಪ್ಪಲಿಯ ಪಕ್ಕದಲ್ಲಿ ಒಂದು ಸತ್ತ ಇಲಿ ಇತ್ತು.

ಮೊನ್ನೆ ನಿಮಗೂ ಬೆಕ್ಕಿನ ಮರಿ ಬಂತು. ಕಿಟಕಿ ಇರುವ ಪ್ಲಾಸ್ಟಿಕ್ ಬುಟ್ಟಿ, ಅದರೊಳಗೆ ಮೆತ್ತೆ, ಅದಕ್ಕೆ ಅಂತಲೇ ಮಾಡಿದ ತಿಂಡಿಯ ಪೊಟ್ಟಣ, ಇಂಜೆಕ್ಷನ್ ಕೊಡುವ ಡಾಕ್ಟರು. ಖರ್ಚು ಜಾಸ್ತಿಯಾಯಿತು ಅಂತ ನಿಮ್ಮಪ್ಪ ಗೊಣಗಿದ. ಶಿವಮೊಗ್ಗದಿಂದ ಶಿಕಾರಿಪುರದವರೆಗೂ ಅದು ಕಾರಿನಲ್ಲಿ ಕೂಗಿದ್ದೇ ಕೂಗಿದ್ದು. ಎದುರಿಗೆ ಬಂದ ಬಸ್ಸುಗಳು, ಲಾರಿಗಳು, ಮದುವೆ ದಿಬ್ಬಣದ ವ್ಯಾನು, ಒಂದಾದರೂ ನಿಲ್ಲಲಿಲ್ಲ. ಯಾರೂ ನಮ್ಮನ್ನು ಹೊಲಕ್ಕೆ ಇಳಿಸಲಿಲ್ಲ. ನೀವಿಬ್ಬರೂ ಕಿವಿ ಮುಚ್ಚಿಕೊಂಡು, "ತಾತಾ, ತಲೆ ನೋಯ್ತಿದೆ, ಸುಮ್ನಿರೋಕೆ ಹೇಳು ಇದಕ್ಕೆ" ಅಂದಿರಿ.

ನಾನು ಹೇಳಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಊರು ಬರುವವರೆಗೂ ಅದು ಕೂಗುವುದನ್ನೇ ಕೇಳುತ್ತ ಕೂತಿದ್ದೆ.