ಮಾಸ್ಕು ಮತ್ತು ಮಗಳ ಆಣೆ

ನನ್ನ ಗೆಳತಿ ಹೋಗಿ ತಿಂಗಳಾಗುತ್ತ ಬಂತು. ಕಾಯಿಲೆ ಅವಳಿಗೆ ಹೆಚ್ಚು ಕಾಲ ಕೊಡಲಿಲ್ಲ. ಅರ್ಧ ಆಯುಷ್ಯವನ್ನು ಗಗನಸಖಿಯಾಗಿ ಕಳೆದವಳು; ನಾನೂ ಅದೇ ಕೆಲಸದವಳು. ಅವಳ ದನಿ ಎಂಜಿನ್ನಿನ ಸದ್ದನ್ನೂ ಮೀರುತ್ತಿದ್ದರಿಂದ ಕಿರಿಯರು ಅವಳಿಗೆ ‘ಗಂಟಲಕ್ಕ’ ಎಂದು ಹೆಸರಿಟ್ಟಿದ್ದರು.

ಅವಳ ತಾಯಿ ಮೊದಲ ಸಲ ವಿಮಾನ ಹತ್ತಿದ್ದು ನಾವಿಬ್ಬರೂ ಕೆಲಸದಲ್ಲಿದ್ದ ಒಂದು ಮಧ್ಯಾಹ್ನ. ಕಿಟಕಿ ಪಕ್ಕದಲ್ಲಿ ಕೂತು, ಮಗಳು ಹಾದುಹೋದಾಗಲೆಲ್ಲ ಗೊಣಗುತ್ತಿದ್ದರು: “ಊರಿನವರಿಗೆಲ್ಲ ನೀರು ಕೊಡ್ತೀಯ, ಹೆತ್ತವಳನ್ನ ಕೇಳೋರಿಲ್ಲ.”

“ಸರದಿ ಬರ್ಲಿ ಇರಮ್ಮ. ಇಲ್ಲಿ ನೀನೂ ಪ್ಯಾಸೆಂಜರೇ.”

ಅಮ್ಮನ ಸಾಲಿಗೆ ನೀರು ತಲುಪುವ ಮೊದಲೇ, ನಾವಿಬ್ಬರೂ ಹಿಂದಿನ ಸಾಲುಗಳ ಖಾಲಿ ಲೋಟ ಒಟ್ಟುಮಾಡುತ್ತಿದ್ದಾಗ ಕಿವಿ ಗವ್ವೆಂದಿತು. ಒಳಗೆಲ್ಲ ತೆಳು ಮಂಜು, ಮೈ ಕೊರೆಯುವ ಚಳಿ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದಿತ್ತು. ತಲೆಯ ಮೇಲಿಂದ ಮಾಸ್ಕುಗಳು ಜೋತುಬಿದ್ದವು, ವಿಮಾನ ಮೂಗು ತಗ್ಗಿಸಿ ಕೆಳಗಿಳಿಯತೊಡಗಿತು. ಆ ಎತ್ತರದಲ್ಲಿ ಮಾಸ್ಕಿಲ್ಲದವರ ಎಚ್ಚರ ಬೇಗ ತಪ್ಪುತ್ತದೆ. ಅದಕ್ಕೇ ನಿಯಮ: ಮೊದಲು ನಿನ್ನದು, ಆಮೇಲೆ ಮಿಕ್ಕವರದು. ಗೆಳತಿ ಹತ್ತಿರದ ಖಾಲಿ ಸೀಟಿನಲ್ಲಿ ಕುಕ್ಕರಿಸಿ ಮಾಸ್ಕು ಹಾಕಿಕೊಂಡಳು. ಎದುರು ಸಾಲಿನಲ್ಲಿ ನಾನೂ ಹಾಗೇ ಮಾಡಿದೆ.

ಆಗ ನೋಡಿದರೆ ಅವಳಮ್ಮ ತಮ್ಮ ಮಾಸ್ಕು ತೆಗೆದು, ಕೆಲವು ಸಾಲು ಮುಂದಿನಿಂದ ಹಿಂದಕ್ಕೆ ಮಗಳತ್ತ ಚಾಚುತ್ತಿದ್ದಾರೆ. ಮಗಳ ಮಾಸ್ಕಿಗೆ ಜೋತಿದ್ದ ಪ್ಲಾಸ್ಟಿಕ್ ಚೀಲ ಉಬ್ಬಿರಲಿಲ್ಲ. ಉಬ್ಬದಿದ್ದರೂ ಗಾಳಿ ಬರುತ್ತಿರುತ್ತದೆಂದು ಅವರಿಗೇನು ಗೊತ್ತು? ಮಗಳದ್ದು ಕೆಟ್ಟಿದೆಯೆಂಬ ಹೆದರಿಕೆ.

“ಇದನ್ನ ಇಟ್ಕೊಳೇ, ನಂದೇನು ಬಿಡು!”

ಗೆಳತಿ ಏಳಲು ಹೋದಳು. ಮಾಸ್ಕಿನ ಕೊಳವೆ ಬಿಗಿದು ಎಳೆಯಿತು, ಕೂತಳು. ಎದ್ದು ಹೋದರೆ ದಾರಿಯಲ್ಲೇ ಬೀಳುತ್ತಾಳೆ. ಹೋಗದಿದ್ದರೆ ತಾಯಿ ಕಣ್ಣೆದುರೇ ಕುಸಿಯುತ್ತಾರೆ. ಕೈಸನ್ನೆ ಮಾಡಿದಳು, ಸೀಟು ಗುದ್ದಿದಳು. ಅಮ್ಮ ತಲೆಯಾಡಿಸಿದರು, ತುಟಿ ಆಗಲೇ ನೀಲಿಗಟ್ಟುತ್ತಿತ್ತು. ಆಗ ಅವಳು ಉಸಿರು ತುಂಬಿಕೊಂಡು, ಮಾಸ್ಕನ್ನು ಒಂದೇ ಒಂದು ಕ್ಷಣ ಎತ್ತಿ ಕೂಗಿದಳು:

“ಅಮ್ಮಾ, ನನ್ನಾಣೆ! ಹಾಕ್ಕೋ!”

ನಮ್ಮ ತರಬೇತಿಯ ಯಾವ ಪಾಠದಲ್ಲೂ ಆ ಮಾತಿರಲಿಲ್ಲ. ಅಮ್ಮ ಬೆಂಕಿ ಮುಟ್ಟಿದವರಂತೆ ಬೆಚ್ಚಿದರು. ಮರುಕ್ಷಣ ಮಾಸ್ಕು ಮುಖದ ಮೇಲಿತ್ತು, ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

ವಿಮಾನ ಉಸಿರಾಡಬಲ್ಲ ಎತ್ತರಕ್ಕೆ ಇಳಿಯಿತು. ಇನ್ನು ಮಾಸ್ಕು ಬೇಡವೆಂದು ಕ್ಯಾಪ್ಟನ್ ಹೇಳಿದರು. ಎಲ್ಲರೂ ತೆಗೆದರು, ಅಮ್ಮ ತೆಗೆಯಲಿಲ್ಲ. ನಾನು ಹೋಗಿ, “ಸಾಕು ಬಿಡಿ ಅಮ್ಮ” ಎಂದರೆ ಕಣ್ಣಲ್ಲೇ ಗದರಿದರು. ಗೆಳತಿ ತನ್ನ ಪಾಲಿನ ಸಾಲುಗಳನ್ನು ಒಂದೊಂದಾಗಿ ವಿಚಾರಿಸಿಕೊಂಡೇ ಅಲ್ಲಿಗೆ ಬಂದಳು. ನಡುವೆ ಒಮ್ಮೆಯೂ ಓಡಲಿಲ್ಲ.

“ತೆಗಿಯಮ್ಮ, ಆಯ್ತು.”

ಮಾಸ್ಕಿನೊಳಗಿಂದ ದನಿ ಬಂತು: “ಮೊದ್ಲು ಆಣೆ ವಾಪಸ್ ತಗೊಳೇ, ಮುಂಡೇದೆ. ನಿಂಗೇನಾದ್ರೂ ಆದ್ರೆ?”

“ತಗೊಂಡೆ.”

“ಜೋರಾಗಿ ಹೇಳು.”

ಆ ಒಂದು ಕೂಗಿಗೇ ಒಡೆದುಹೋಗಿದ್ದ ಗಂಟಲಲ್ಲಿ ಅವಳು ಇನ್ನೊಮ್ಮೆ ಹೇಳಿದಳು. ಅಮ್ಮ ಮಾಸ್ಕು ಕಳಚಿ, “ಈಗ ನೀರು ಕೊಡು” ಎಂದರು.