ಬಕೆಟ್ಟಿನಲ್ಲಿ ಕೆಂಪಾದ ಅಂಗಿ

ಮೊನ್ನೆ ಶನಿವಾರ ನನ್ನ ಮಗಳ ಯೂನಿಫಾರ್ಮ್ ಅಂಗಿಯಲ್ಲಿ ರಕ್ತ ಕಂಡೆ.

ಬಟ್ಟೆ ಒಗೆಯುತ್ತಿದ್ದೆ. (ಹೌದು, ನಮ್ಮ ಮನೆಯಲ್ಲಿ ಶನಿವಾರದ ಬಟ್ಟೆ ನನ್ನ ಪಾಲಿಗೆ. ಇದನ್ನು ಪೇಪರಿನಲ್ಲಿ ಓದಿ ನಗುವವರು ನಗಬಹುದು.) ಬಿಳಿ ಅಂಗಿಯ ಬಲತೋಳಿನಲ್ಲಿ ಅಂಗೈಯಗಲದ ಹಳದಿ ಕಲೆ. ಸಾಂಬಾರು ಇರಬೇಕು ಅಂದುಕೊಂಡು ಸೋಪು ತಿಕ್ಕಿದೆ. ಕಲೆ ಹೋಗಲಿಲ್ಲ, ಕೆಂಪಾಯಿತು. ಇನ್ನಷ್ಟು ತಿಕ್ಕಿದೆ. ಇನ್ನಷ್ಟು ಕೆಂಪಾಯಿತು.

ಮಗಳು ಮಾನ್ವಿ ಪುಂಜಾಲಕಟ್ಟೆ ಕಡೆಯ ಸರಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಬೆಳಗ್ಗಿನ ಶಾಲೆ ಮುಗಿಸಿ ಬಂದವಳು ಅಂಗಿ ಬಿಸಾಡಿ, ಊಟ ಮಾಡಿ, ನನ್ನ ತಂಗಿಯ ಮನೆಗೆ ಹೋಗಿದ್ದಳು. ತಂಗಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮೂಡುಬಿದಿರೆಗೆ ಹೋಗಿದ್ದ ಹೆಂಡತಿಗೆ ಮಾಡಿದೆ. ನಾಟ್ ರೀಚೆಬಲ್.

ಒಬ್ಬ ತಂದೆ ಆಗ ಏನು ಮಾಡಬೇಕು? ಸ್ಕೂಟರ್ ಹತ್ತಬೇಕು. ತಂಗಿಯ ಮನೆ ಮೂರು ಕಿಲೋಮೀಟರ್ ಕೂಡ ಇಲ್ಲ.

ನಾನು ಫೋಟೊ ತೆಗೆದು ಕ್ಲಾಸಿನ ಪೇರೆಂಟ್ಸ್ ಗ್ರೂಪಿಗೆ ಹಾಕಿದೆ. "ಮಗಳ ಅಂಗಿಯಲ್ಲಿ ರಕ್ತ. ಇವತ್ತು ಶಾಲೆಯಲ್ಲಿ ಏನಾಗಿದೆ? ದಯವಿಟ್ಟು ತಿಳಿಸಿ."

ತಿಳಿಸಿದರು. ಸೈನ್ಸ್ ಪೀರಿಯಡ್‌ನಲ್ಲಿ ಎಂತದೋ ಪ್ರಯೋಗ ಮಾಡಿದ್ದಾರಂತೆ ಎಂದು ಒಬ್ಬರು. ಆಸಿಡ್ ಅಂತೆ ಎಂದು ಇನ್ನೊಬ್ಬರು. ಅರ್ಧ ಗಂಟೆಯೊಳಗೆ ಆಸಿಡ್ ಚೆಲ್ಲಿ, ಒಂದು ಮಗುವಿನ ಕೈ ಸುಟ್ಟು, ಮಗುವನ್ನು ಮಂಗಳೂರಿಗೆ ಕೊಂಡುಹೋಗಿಯೂ ಆಗಿತ್ತು. ಓದಿ ನನಗೆ ಬಹಳ ಸಂಕಟವಾಯಿತು. ಯಾರ ಮಗುವೋ ಪಾಪ ಅಂದುಕೊಂಡೆ. ಅದು ನನ್ನದೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಐದು ಗಂಟೆಗೆ ಸುಟ್ಟ ಕೈಯ ಮಗು ಪೇರಳೆ ಕಚ್ಚುತ್ತಾ ಮನೆಗೆ ಬಂತು. ನಾನು ಅವಳ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡಿದೆ.

"ಎಂತ ಅಪ್ಪ?"

"ಅಂಗಿಯಲ್ಲಿ ರಕ್ತ ಉಂಟಲ್ಲ?"

ಅವಳು ಬಕೆಟ್ಟಿಗೆ ಬಗ್ಗಿ ನೋಡಿದಳು. "ಅದು ಅರಶಿನ. ಅರಶಿನದ ನೀರಲ್ಲಿ ಕಾಗದ ಅದ್ದುವಾಗ ಪಕ್ಕದವಳ ಬಟ್ಟಲು ನನ್ನ ಕೈ ಮೇಲೆ ಮಗುಚಿತು. ಸೋಪಿನಲ್ಲಿ ಕ್ಷಾರ ಉಂಟು, ಹಾಗೆ ಕೆಂಪಾದದ್ದು." ಮತ್ತೆ ಪೇರಳೆ ಕಚ್ಚಿ ಕೇಳಿದಳು, "ನೀವು ಬಿ.ಎಸ್ಸಿ. ಅಲ್ವಾ?"

ಹೌದು. ಅದರಲ್ಲೂ ಕೆಮಿಸ್ಟ್ರಿ. ಅದರಲ್ಲೂ ಫಸ್ಟ್ ಕ್ಲಾಸ್. ಪ್ರಾಕ್ಟಿಕಲ್‌ನ ಉತ್ತರಗಳೆಲ್ಲ ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಲ್ಲೇ ಇದ್ದವು. ಬಣ್ಣ ಬದಲಾಗುವುದನ್ನು ಕಾಯುತ್ತಾ ನಿಲ್ಲುವ ಪುರುಸೊತ್ತು ಯಾರಿಗಿತ್ತು?

ಗ್ರೂಪಿನಲ್ಲಿ ಕೂಡಲೇ ಬರೆದೆ: "ರಕ್ತ ಅಲ್ಲ, ಅರಶಿನ. ಎಲ್ಲರೂ ಕ್ಷಮಿಸಿ." ಎರಡು ಹೆಬ್ಬೆರಳು ಬಂದವು. ಫರಂಗಿಪೇಟೆಯಲ್ಲಿ ಅಂಗಡಿ ಇರುವ ಒಬ್ಬ ತಂದೆ ಅದರ ಕೆಳಗೆ ಬರೆದರು: "ಶಾಲೆಯವರು ಹೇಳಿಸಿದ್ದಿರಬೇಕು."

ಸೋಮವಾರ ಹೆಡ್‌ಮಾಸ್ಟರರು ಪೋಷಕರ ಮೀಟಿಂಗ್ ಕರೆದರು. ನಾನು ಅಂಗಿ ಹಿಡಿದುಕೊಂಡೇ ಹೋದೆ.

ವಿಜ್ಞಾನ ಕಲಿಸುವ ಶಶಿಕಲಾ ಟೀಚರ್ ಎರಡು ಬಸ್ಸು ಬದಲಿಸಿ ಬೆಳ್ತಂಗಡಿ ಕಡೆಯಿಂದ ಬರುವವರು. ಅತಿಥಿ ಶಿಕ್ಷಕಿ. ಅಂದರೆ ಈ ವರ್ಷ ಇದ್ದಾರೆ, ಮುಂದಿನ ವರ್ಷ ಬೇಡ ಅಂದರೆ ಇಲ್ಲ. ಶಾಲೆಯ ಲ್ಯಾಬ್ ಎಂದರೆ ಒಂದು ಕಪಾಟು. ಗಾಜು ಒಡೆದರೆ ಯಾರು ಹೊಣೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಅದಕ್ಕೆ ಬೀಗ. ಹಾಗಾಗಿ ಆಕೆ ತಮ್ಮ ಅಡುಗೆಮನೆಯಿಂದಲೇ ಅರಶಿನ, ಸುಣ್ಣ, ಬಿಂಬುಳಿ ಎಂಬ ಹುಳಿಕಾಯಿ ತಂದು ಆಮ್ಲ, ಕ್ಷಾರದ ಪಾಠ ಮಾಡುತ್ತಿದ್ದರು.

"ಇನ್ನು ಪ್ರಯೋಗ ಬೇಡ ಟೀಚರ್. ಬೋರ್ಡಿನಲ್ಲಿ ಚಿತ್ರ ಬರೆದು ತೋರಿಸಿ, ಸಾಕು," ಎಂದರು ಹೆಡ್‌ಮಾಸ್ಟರ್.

"ಒಂದು ಸಲ ಇವರಿಗೂ ತೋರಿಸ್ತೇನೆ ಸರ್. ಮತ್ತೆ ನೀವು ಹೇಳಿದ ಹಾಗೆ."

ಆಕೆ ನನ್ನ ಕೈಯಲ್ಲಿದ್ದ ಅಂಗಿ ಕೇಳಿ ಪಡೆದರು. ಕೆಂಪು ಕಲೆಯ ಮೇಲೆ ಬಿಂಬುಳಿ ಹಿಂಡಿದರು. ಹಳದಿಯಾಯಿತು. ಸೋಪು ತಿಕ್ಕಿದರು. ಕೆಂಪಾಯಿತು. ಮತ್ತೆ ಬಿಂಬುಳಿ ಹಿಂಡಿದರು. ಹಳದಿ.

ಮೊಮ್ಮಗಳ ಪರವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು, "ಇದು ಕುರ್ದಿ ಅಲ್ವಾ? ಅರಶಿನಕ್ಕೆ ಸುಣ್ಣ ಹಾಕಿದ್ರೆ ಆರತಿಗೆ ಕೆಂಪು ನೀರು ಆಗುದಿಲ್ವಾ? ಇದಕ್ಕೆ ಮೀಟಿಂಗ್ ಯಾಕೆ?"

ನನ್ನ ಮದುವೆಯಲ್ಲೂ ಅದೇ ನೀರಿನ ಆರತಿ ಎತ್ತಿದ್ದರು. ರಕ್ತ, ರಕ್ತ ಎಂದು ನಾನು ಅವತ್ತು ಹೊಸಿಲಿನಿಂದ ಓಡಿರಲಿಲ್ಲ.

ಎದ್ದು ನಿಂತು ತಪ್ಪು ನನ್ನದು ಎಂದೆ. ನೋಡದೆ, ಕೇಳದೆ ಬರೆದೆ ಎಂದೆ. ಟೀಚರ್ ಅಂಗಿಯನ್ನು ನೀಟಾಗಿ ಮಡಚಿ ನನಗೆ ಕೊಟ್ಟರು.

"ನನಗೊಂದು ಫೋನ್ ಮಾಡಬಹುದಿತ್ತು ಸರ್. ನಂಬರ್ ಗ್ರೂಪಿನಲ್ಲೇ ಉಂಟು. ನಿನ್ನೆ ಇಡೀ ದಿನ ಎಲ್ಲ ಓದಿದೆ. ನಮ್ಮ ಅಮ್ಮನೂ ಓದಿದ್ರು."

ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೆಡ್‌ಮಾಸ್ಟರರು ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು. ಪ್ರಯೋಗ ಮುಂದುವರಿಯಲಿ, ಆದರೆ ಶನಿವಾರ, ಬಿಳಿ ಅಂಗಿಯ ದಿನ ಬೇಡ. (ಶಿಕ್ಷಣದಲ್ಲಿ ಇಷ್ಟು ಪ್ರಾಕ್ಟಿಕಲ್ ಆದ ನಿರ್ಧಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.) ಟೀಚರ್ ಮುಂದಿನ ವಾರದ ಪ್ರಯೋಗಕ್ಕೆ ದಾಸವಾಳ ತರಲು ಮಕ್ಕಳಿಗೆ ಹೇಳಿದ್ದಾರೆ. ಮಾನ್ವಿ ಈಗಾಗಲೇ ಪಕ್ಕದ ಮನೆಯ ಗಿಡದ ಮೇಲೆ ಕಣ್ಣಿಟ್ಟಿದ್ದಾಳೆ.

ಎಲ್ಲ ಸುಖಾಂತ್ಯ ಅಂದುಕೊಂಡು ಬುಧವಾರ ಗುರುವಾಯನಕೆರೆಯ ಹೋಟೆಲೊಂದರಲ್ಲಿ ಚಾ ಕುಡಿಯುತ್ತಿದ್ದೆ. ಎದುರು ಕೂತ ಅಪರಿಚಿತರು ತಾವಾಗಿಯೇ ಶುರು ಮಾಡಿದರು.

"ಪುಂಜಾಲಕಟ್ಟೆ ಹತ್ತಿರ ಶಾಲೆಯಲ್ಲಿ ಮಕ್ಕಳ ಮೇಲೆ ಆಸಿಡ್ ಬಿದ್ದದ್ದು ಗೊತ್ತುಂಟಾ?"

"ಅದು ಅರಶಿನ," ಎಂದೆ.

"ಅರಶಿನ ಅಂತ ಮುಚ್ಚಿಹಾಕಿದ್ದು. ರಕ್ತವನ್ನು ಕಣ್ಣಾರೆ ಕಂಡ ಅಪ್ಪನೇ ಫೋಟೊ ಹಾಕಿದ್ದಾರೆ. ಪೇಪರಿನಲ್ಲಿ ಬರೆಯುವ ಜನವಂತೆ. ಅಂಥವರು ಸುಳ್ಳು ಹೇಳ್ತಾರಾ ಮಾರಾಯ್ರೆ?"