ಗೇಟಿನ ನೋಟ್‌ಬುಕ್
ತೊಂಬತ್ತರ ದಶಕದಲ್ಲಿ ನಾನು ಅಮೆರಿಕದ ಕೆರೊಲಿನಾದ ಒಂದು ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ. ಕಿಟಕಿಯ ಎದುರೇ ರೈಲ್ವೆ ಗೇಟು. ರೈಲು ಬಾರದಿದ್ದರೂ ಅದು ಇಳಿದು ಹತ್ತು ನಿಮಿಷ ಹಾಗೇ ನಿಲ್ಲುತ್ತಿತ್ತು. ಕಾದು ಬೇಸತ್ತವರು ಗೇಟಿನ ಪಕ್ಕದಿಂದ ಕಾರು ತಿರುಗಿಸಿ ದಾಟುತ್ತಿದ್ದರು. ನಾನು ಎಂಟು ತಿಂಗಳು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಗೇಟು ಇಳಿದ ವೇಳೆ, ಎದ್ದ ವೇಳೆ, ನಡುವೆ ದಾಟಿದ ಕಾರುಗಳು. ಬಿ.ಎಸ್ಸಿ. ಓದಿದವಳು, ಅರ್ಧಂಬರ್ಧ ಬರೆಯುವುದು ನನಗಾಗದು.

ಒಂದು ಬೆಳಿಗ್ಗೆ ರೈಲು ನಿಜವಾಗಿಯೂ ಬಂತು. ಹಳಿಯ ಮೇಲಿದ್ದದ್ದು ನಮ್ಮ ಪಕ್ಕದ ಮನೆಯ ಪ್ರಕಾಶನ ಕಾರು. ಅವನು ಉಳಿಯಲಿಲ್ಲ.

"ಆಂಟಿ, ತಪ್ಪೆಲ್ಲ ನಮ್ಮನೆಯವರದೇ ಅಂತಿದ್ದಾರೆ ರೈಲ್ವೆಯವರು," ಎಂದು ಅವನ ಹೆಂಡತಿ ಸುಧಾ ಅತ್ತಳು. "ನಿಮ್ಮ ನೋಟ್‌ಬುಕ್ ತೋರಿಸಿದ್ರೆ ಗೇಟ್ ಕೆಟ್ಟಿತ್ತು ಅಂತ ಪ್ರೂವ್ ಆಗುತ್ತಲ್ವಾ?"

"ಅಳಬೇಡ ಕಣಮ್ಮ, ನಾನಿದ್ದೀನಿ," ಎಂದು ಹೆಮ್ಮೆಯಿಂದಲೇ ಅದನ್ನು ವಿಚಾರಣೆಗೆ ಒಯ್ದೆ.

ರೈಲ್ವೆಯ ವಕೀಲ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟ. "ಮೇಡಂ, ಈ ನೀಲಿ ಕಾರು ಪ್ರಕಾಶ್ ಅವರದಲ್ಲವೇ? ಹನ್ನೊಂದು ಸಲ ದಾಟಿದೆ ಎಂದು ಬರೆದಿದ್ದೀರಿ."

"ಗೇಟು ಕೆಟ್ಟಿತ್ತು, ಅದಕ್ಕೇ ದಾಟಿದ."

"ಅಂತೂ ದಾಟುವ ಅಭ್ಯಾಸವಿತ್ತು."

ತಪ್ಪು ಪ್ರಕಾಶನದೇ ಎಂದು ತೀರ್ಮಾನವಾಯಿತು. ಅಂದಿನಿಂದ ಸುಧಾ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಂದು ವಿಚಾರಣೆ ಮುಗಿದು ಹೊರಡುವಾಗ ವಕೀಲ ನನ್ನ ಕೈ ಕುಲುಕಿ, "ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ನೋಡಿಯೇ ಇಲ್ಲ," ಎಂದ. ನೋಡದಿರುವುದರಲ್ಲಿ ನನ್ನ ತಪ್ಪೇನೂ ಇಲ್ಲ. ಗೇಟು ರಿಪೇರಿ ಮಾಡಿಸಿ ಎಂದು ಬರೆದು, ಅದೇ ಹಾಳೆಗಳ ಪ್ರತಿಯನ್ನು ನಾನು ಅಪಘಾತಕ್ಕೆ ಮೊದಲೇ ರೈಲ್ವೆಯವರ ಕಚೇರಿಗೆ ಮೂರು ಸಲ ಅಂಚೆಯಲ್ಲಿ ಕಳಿಸಿದ್ದೆ.